ತಿಪ್ಪಿಯ ಕೆಟ್ಟ ಅಚ್ಚುಗಳು

ಬಾವಿಗೆ ಹಗ್ಗ ಬೇಕಿಲ್ಲದೆ, ಕೊಡ ಬಗ್ಗಿಸಿದರೆ ಸಾಕು ನೀರು ಸಿಗುತ್ತಿದ್ದ ಕಾಲ ಒಂದಿತ್ತು. ಆ ಕಾಲದಲ್ಲಿ ಅರಳಿಕೋಟೆ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಒಂದು ಚಿತ್ರಶಾಲೆ. ಆ ಚಿತ್ರಶಾಲೆಯಲ್ಲಿ ತಿಪ್ಪಿ ಅಂತ ಒಬ್ಬ ಹುಡುಗಿ ಕಲಿಯುತ್ತಿದ್ದಳು.

ಹೆಸರು ಕೇಳಿ ನಗಬೇಡಿ. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳು ಯಾವುವೂ ಉಳಿದಿರಲಿಲ್ಲ. ಅದಕ್ಕೇ ಅವಳವ್ವ ಮಾದಕ್ಕ ಇವಳನ್ನು ಹೆತ್ತ ಕೂಡಲೇ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬಂದಳು. ಪಕ್ಕದ ಮನೆಯಲ್ಲಿ ವಡೆ ಮಾರುವ ಪುಟ್ಟಮಲ್ಲಮ್ಮ ಹೋಗಿ, "ಅಯ್ಯೋ, ಯಾರೋ ಬಿಸಾಡಿದ ಕೂಸು!" ಅಂತ ಎತ್ತಿಕೊಂಡು ಬಂದು, ಒಂದು ಮೊರ ತೌಡಿಗೆ ಮಾದಕ್ಕನಿಗೇ ಮಾರಿದಳು. ಬಿಸಾಡಿದ್ದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಸಾವಿನ ಕಣ್ಣು ಕೂಡ ಬೀಳುವುದಿಲ್ಲ ಅಂತ ಆ ಕಡೆಯವರ ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ. ತಿಪ್ಪಿ ಗುಂಡುಕಲ್ಲಿನ ಹಾಗೆ ಬೆಳೆದಳು.

ಮಾದಕ್ಕ ಬಟ್ಟೆಗೆ ಬಣ್ಣ ಹಾಕುವವಳು. ಅವಳು ನಕ್ಕರೆ ಹೊಳೆಯ ಆಚೆ ದಡದಲ್ಲಿದ್ದವರೂ ಯಾಕೆ ಏನು ಅಂತ ಗೊತ್ತಿಲ್ಲದೆ ನಗುತ್ತಿದ್ದರು. ಅವಳದು ಇನ್ನೊಂದು ಅಭ್ಯಾಸ. ಯಾರು ಏನೇ ಕೊಡಲಿ, ಬಿದ್ದ ಚೊಂಬನ್ನು ಎತ್ತಿಕೊಟ್ಟರೂ ಸರಿ, "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತಿದ್ದಳು. ತಿಪ್ಪಿಗೆ ಇದು ಕೇಳಿ ಕೇಳಿ ಸಾಕಾಗಿತ್ತು.

ಚಿತ್ರಶಾಲೆಯ ಗುರು ಲಕ್ಕಾಂಬೆ. ತಲೆ ಬೆಳ್ಳಗೆ, ಕೈ ಕರ್ರಗೆ, ಮಾತು ಖಾರ. ಅವಳಿಗೆ ತಿಪ್ಪಿಯದೇ ಒಂದು ತಲೆನೋವು. ಉಳಿದವರು ಒಂದು ವಿದ್ಯೆ ಹಿಡಿದು ಕೂತರೆ, ಈ ಹುಡುಗಿ ಇವತ್ತು ಹಲಸಿನ ಹಲಗೆ ಕೆತ್ತಿ ಮಸಿ ಬಳಿದು ಕಾಗದಕ್ಕೆ ಅಚ್ಚು ತೆಗೆಯುವುದು, ನಾಳೆ ದೀಪದ ಮುಂದೆ ಗಾಜು ಹಿಡಿದು ಗೋಡೆಯ ಮೇಲೆ ಚಿತ್ರ ಬೀಳಿಸುವುದು, ನಾಡಿದ್ದು ಇದ್ದಿಲು ಹಿಡಿದು ನೆಲವೆಲ್ಲ ಗೀಚುವುದು. ಒಂದು ದಿನ ಇಡೀ ಕೋಣೆಗೆ ದಾರ ಕಟ್ಟಿ ಚಿತ್ರಗಳನ್ನು ಒಗೆದ ಬಟ್ಟೆಯ ಹಾಗೆ ನೇತುಹಾಕಿದ್ದಳು. ಲಕ್ಕಾಂಬೆ ದಾರಕ್ಕೆ ಎಡವಿ ಮಸಿಯ ಬಾನಿಯೊಳಗೇ ಬಿದ್ದಳು. ಬೈದಳು ಅಂತ ಬೇರೆ ಹೇಳಬೇಕೆ?

ಕೆತ್ತಲಿಕ್ಕೆ ತಿಪ್ಪಿಗೆ ಸಿಗುತ್ತಿದ್ದ ಮುಖ ಅವ್ವನದೊಂದೇ. ಆದರೆ ಮಾದಕ್ಕ ಸುಮ್ಮನೆ ಕೂರುವ ಆಸಾಮಿಯೇ ಅಲ್ಲ. "ಏನೇ, ಸಂತೆಯಲ್ಲಿ ಎಮ್ಮೆ ನೋಡೋ ಹಂಗೆ ನೋಡ್ತೀಯಲ್ಲೇ!" ಅಂತ ನಕ್ಕುಬಿಡುವಳು. ತಿಪ್ಪಿಯೂ ನಗುವಳು. ಅಷ್ಟೇ, ಉಳಿ ಜಾರಿತು, ಬಾಯಿಯ ಜಾಗ ಕಿತ್ತು ಹೋಯಿತು. ಹಲಗೆಯಲ್ಲಿ ಕಿತ್ತ ಕಡೆ ಮಸಿ ಹತ್ತುವುದಿಲ್ಲ, ಅಲ್ಲಿ ಕಾಗದ ಬರೀ ಬಿಳಿ. ಹೀಗೆ ಪ್ರತಿ ಸಲವೂ ಅವ್ವನ ಕಣ್ಣು ಬಂತು, ಮೂಗು ಬಂತು, ಬಾಯಿ ಮಾತ್ರ ಬರಲಿಲ್ಲ. ಒಂದು ಸಲವಂತೂ ಹಲಗೆಗೆ ತಿರುವುಮುರುವಾಗಿ ಕೆತ್ತಬೇಕು ಅನ್ನುವುದನ್ನೇ ಮರೆತಳು. ಅವ್ವನ ಮೂಗುಬೊಟ್ಟು ಆಚೆ ಕಡೆಗೆ ಹಾರಿ ಕೂತಿತ್ತು! ಥತ್ ಅಂತ ಕೆಟ್ಟ ಅಚ್ಚುಗಳನ್ನೆಲ್ಲ ತಿಪ್ಪಿ ತಿಪ್ಪೆಗೆ ಎಸೆದಳು.

ಹೀಗಿರಲು ಆ ರಾಜ್ಯಕ್ಕೆ ಕಾಕೋಳ ಅನ್ನುವ ಮಾಂತ್ರಿಕ ಬಂದ. ಬೆಟ್ಟದ ಕರಿಗವಿಯಲ್ಲಿ ಬಿಡಾರ ಹೂಡಿದ. ಅವನ ಕೊರಳಲ್ಲಿ ಒಂದು ಗಾಜಿನ ಗುಂಡು. ಅವನು ಚೆಂದದ್ದನ್ನು ಕಂಡು "ಆಹಾ!" ಅಂದರೆ ಸಾಕು, ಅದು ಸುರ್ ಅಂತ ಗುಂಡಿನೊಳಗೆ ಹೋಗುತ್ತಿತ್ತು. ನವಿಲನ್ನು ಕಂಡು ಆಹಾ ಅಂದ, ಗರಿ ಹೋಯಿತು. ಮಲ್ಲಿಗೆಗೆ ಆಹಾ ಅಂದ, ಘಮ ಹೋಯಿತು. ಎಷ್ಟು ಒಳಗೆ ಹೋದರೂ ಅವನಿಗೆ ತೃಪ್ತಿ ಇಲ್ಲ, ಹೊಟ್ಟೆಯುರಿ ಆರಲೇ ಇಲ್ಲ.

ಒಂದು ಬೆಳಿಗ್ಗೆ ಮಾದಕ್ಕ ಹೊಳೆಯಲ್ಲಿ ಬಟ್ಟೆ ಜಾಲಿಸುತ್ತ ನಕ್ಕಳು. ದಾರಿಯಲ್ಲಿ ಹೋಗುತ್ತಿದ್ದ ಕಾಕೋಳ ನಿಂತ. "ಆಹಾ! ಎಂಥ ನಗು!" ಅಂದ. ನೀರಿನ ಮೇಲೆ ಬಟ್ಟೆ ತೇಲುತ್ತಿತ್ತು, ಮಾದಕ್ಕ ಇರಲಿಲ್ಲ.

ರಾಜಕುಮಾರ ಬಿಳಿ ಕುದುರೆ ಹತ್ತಿ, ಹೊಳೆಯುವ ಕತ್ತಿ ಹಿಡಿದು ಗವಿಗೆ ನುಗ್ಗಿದ. ಕಾಕೋಳ ಕುದುರೆಗೊಂದು ಆಹಾ, ಕತ್ತಿಗೊಂದು ಆಹಾ, ಮೀಸೆಗೊಂದು ಆಹಾ ಅಂದ. ಮೀಸೆಯ ಜೊತೆ ರಾಜಕುಮಾರನೂ ಹೋದ.

ಆಮೇಲೆ ತಿಪ್ಪಿ ಹೋದಳು. ಮುಖದ ತುಂಬ ಮಸಿ, ಕಣ್ಣು ಅತ್ತು ಅತ್ತು ಊದಿತ್ತು. "ನಮ್ಮವ್ವನ್ನ ಬಿಡು" ಅಂದಳು.

ಕಾಕೋಳ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನ ನೋಡಿ ಆಹಾ ಅನ್ನೋಕೆ ಏನಿದೆ? ಹೋಗು" ಅಂದ.

"ಅವ್ವನ್ನ ಬಿಡದೆ ಹೋಗಲ್ಲ."

ಮಾಂತ್ರಿಕನಿಗೆ ಮೋಜು ಅನ್ನಿಸಿತು. "ನಾನು ಆಹಾ ಅಂದರೂ ನನ್ನ ಗುಂಡಿನೊಳಗೆ ಬಾರದ ಚೆಲುವು ಒಂದಿದ್ದರೆ ತಂದು ತೋರಿಸು. ಮೂರು ಸಲ ಬರಬಹುದು. ನೀನು ಗೆದ್ದರೆ ಎಲ್ಲರನ್ನೂ ಬಿಡ್ತೀನಿ. ಸೋತರೆ ಈ ಗುಂಡನ್ನೇ ನುಂಗಿ ನೀರು ಕುಡೀತೀನಿ. ಆಮೇಲೆ ನಿಮ್ಮವ್ವನೂ ಇಲ್ಲ, ರಾಜಕುಮಾರನೂ ಇಲ್ಲ."

ತಿಪ್ಪಿ ಚಿತ್ರಶಾಲೆಗೆ ಓಡಿದಳು. ಒಂದು ಚಿತ್ರವಾದರೆ ನುಂಗುತ್ತಾನೆ, ರಾಶಿ ರಾಶಿ ಇದ್ದರೆ ಎಷ್ಟು ಅಂತ ನುಂಗಿಯಾನು? ಹೀಗೆಂದುಕೊಂಡು ಅವ್ವನ ಮುಖ ಕೆತ್ತಿದಳು. ಈ ಸಲ ನಗಿಸಲು ಅವ್ವ ಎದುರಿಗಿರಲಿಲ್ಲ, ಉಳಿ ಜಾರಲಿಲ್ಲ. ಲಕ್ಕಾಂಬೆ ನೋಡಿ ನಿಟ್ಟುಸಿರು ಬಿಟ್ಟಳು. "ಒಂದು ತಪ್ಪಿಲ್ಲ ಮಗಳೇ. ಆದರೆ ಇದು ನಿಮ್ಮವ್ವನ ಹಂಗಿಲ್ಲ." ತಿಪ್ಪಿ ಕೇಳಲಿಲ್ಲ. ಅಚ್ಚುಗಳನ್ನು ಹೊರೆ ಕಟ್ಟಿ ಒಯ್ದಳು. ಕಾಕೋಳ ಮೇಲಿನದನ್ನು ನೋಡಿ "ಆಹಾ!" ಅಂದ. ಎಲ್ಲವೂ ಒಂದೇ ಮುಖ ತಾನೆ? ಇಡೀ ಹೊರೆ ಸುರ್ ಅಂತ ಒಳಗೆ ಹೋಯಿತು.

ಎರಡನೇ ಸಲ ದೀಪ ಒಯ್ದಳು. ಬೆಳಕನ್ನು ಮುಷ್ಟಿಯಲ್ಲಿ ಹಿಡಿಯಲಾದೀತೆ? ಗಾಜಿನ ಮೇಲೆ ಅವ್ವನನ್ನು ಬರೆದು, ಹಿಂದೆ ದೀಪವಿಟ್ಟು, ಗವಿಯ ಗೋಡೆಯ ಮೇಲೆ ಆಳೆತ್ತರದ ಅವ್ವನನ್ನು ಬೀಳಿಸಿದಳು. "ಆಹಾ!" ಅಂದ ಕಾಕೋಳ. ಗೋಡೆ ಕತ್ತಲಾಯಿತು. ಗಾಜು ಹೋಯಿತು, ದೀಪ ಹೋಯಿತು, ದೀಪದ ಎಣ್ಣೆಯೂ ಹೋಯಿತು.

ಉಳಿದದ್ದು ಒಂದೇ ಸಲ. ತಿಪ್ಪಿ ಕಾಲೆಳೆದುಕೊಂಡು ಬಂದು ಪುಟ್ಟಮಲ್ಲಮ್ಮನ ಜಗಲಿಯ ಮೇಲೆ ಕುಸಿದು ಕೂತಳು. "ನನ್ನ ಕೈಯಲ್ಲಿ ಆಗಲ್ಲ ಪುಟ್ಟಮಲ್ಲವ್ವ. ಅವ್ವ ಹೋದಳು" ಅಂತ ಗೊಳೋ ಅಂತ ಅತ್ತಳು.

"ಅಳೋಕೂ ಹೊಟ್ಟೇಲಿ ಏನಾದ್ರೂ ಇರಬೇಕು. ಮೊದಲು ತಿನ್ನು" ಅಂತ ಪುಟ್ಟಮಲ್ಲಮ್ಮ ಬಿಸಿ ವಡೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

ತಿಪ್ಪಿ ತಿಂದಳು. ಕೈಯಲ್ಲಿ ಎಣ್ಣೆ ಕುಡಿದ ಕಾಗದ ಉಳಿಯಿತು. ಮುದುಡಿ ಎಸೆಯಲು ಹೋದವಳು ಹಾಗೇ ನಿಂತಳು. ಕಾಗದದ ಮೂಲಕ ಬಿಸಿಲು ಕಾಣುತ್ತಿತ್ತು, ಬಿಸಿಲಲ್ಲಿ ಅವ್ವನ ಕಣ್ಣು ಕಾಣುತ್ತಿತ್ತು! ಅವಳೇ ಬಿಸಾಡಿದ್ದ ಅಚ್ಚು ಅದು, ಮೂಗುಬೊಟ್ಟು ಆಚೆ ಕಡೆಗೆ ಹಾರಿದ್ದು. ತಿಪ್ಪಿ ಕಾಗದವನ್ನು ಮಗುಚಿ ಹಿಡಿದಳು. ಎಣ್ಣೆ ಕುಡಿದ ಕಾಗದಕ್ಕೆ ಹಿಂದೇನು ಮುಂದೇನು? ಮೂಗುಬೊಟ್ಟು ತನ್ನ ಜಾಗಕ್ಕೆ ಬಂದು ಕೂತಿತು.

"ಇದು ಎಲ್ಲಿ ಸಿಕ್ತು?"

"ತಿಪ್ಪೇಲಿ. ನೀನು ಸಿಕ್ಕಿದ್ದೂ ಅಲ್ಲೇ ತಾನೇ? ಬಿಸಾಡಿದ್ದನ್ನ ಎತ್ಕೊಂಡು ಬರೋ ಚಾಳಿ ನನಗೆ" ಅಂದಳು ಪುಟ್ಟಮಲ್ಲಮ್ಮ. "ನನಗೊಬ್ಬಳಿಗೇ ಅಲ್ಲ ಕಣೇ, ಈ ಕೇರಿಗೇ ಇದೆ ಆ ಚಾಳಿ. ಹೋಗಿ ಕೇಳು."

ಕೇಳಿದಳು. ಕುಂಬಾರರ ಮನೆಯಲ್ಲಿ ಒಂದು ಅಚ್ಚು ಗುಡಾಣದ ಬಾಯಿಗೆ ಮುಚ್ಚಳವಾಗಿತ್ತು. ಬಳೆಗಾರ್ತಿಯ ಮನೆಯಲ್ಲಿ ಒಂದು ಗೋಡೆಯ ಬಿರುಕು ಮುಚ್ಚಿತ್ತು. ಬಾಣಂತಿಯೊಬ್ಬಳ ಮನೆಯಲ್ಲಿ ಇನ್ನೊಂದನ್ನು ತೊಟ್ಟಿಲಿಗೆ ಕಟ್ಟಿದ್ದರು. "ಬಾಯಿಲ್ಲದಿದ್ದರೆ ಏನಾಯ್ತು, ಮಾದಕ್ಕನ ಕಣ್ಣು ನೋಡಿದರೆ ಕೂಸು ಅಳು ನಿಲ್ಲಿಸುತ್ತೆ" ಅಂದಳು ಬಾಣಂತಿ. ಅಷ್ಟು ಹೇಳಿ ತೊಟ್ಟಿಲಿನಿಂದ ಬಿಚ್ಚಿ ಕೊಟ್ಟೂ ಬಿಟ್ಟಳು. ತಿಪ್ಪಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಾನು ಥತ್ ಅಂತ ಎಸೆದದ್ದನ್ನೆಲ್ಲ ಇವರು ಇಷ್ಟು ದಿನ ಜೋಪಾನ ಮಾಡಿದ್ದರು. ಆಗ ಅವ್ವನ ಮಾತು ತಾನಾಗಿಯೇ ಬಾಯಿಗೆ ಬಂತು. "ನಿಮ್ಮ ಹೊಟ್ಟೆ ತಣ್ಣಗಿರಲಿ" ಅಂದಳು.

ಎಲ್ಲ ಅಚ್ಚುಗಳಿಗೂ ಪುಟ್ಟಮಲ್ಲಮ್ಮನ ಬಾಣಲೆಯ ಎಣ್ಣೆ ಸವರಿದರು. ಅವ್ವ ಬಣ್ಣ ಹಾಕದೆ ಬಿಟ್ಟಿದ್ದ ಬಿಳಿ ಬಟ್ಟೆಯನ್ನು ಪುಟ್ಟಮಲ್ಲಮ್ಮನ ಕೊಟ್ಟಿಗೆಯ ಕತ್ತಲಲ್ಲಿ ಕಟ್ಟಿದರು. ಲಕ್ಕಾಂಬೆಯೇ ದೀಪ ಹಿಡಿದು ನಿಂತಳು. ಪುಟ್ಟಮಲ್ಲಮ್ಮ ಬಟ್ಟೆಯ ಮುಂದೆ ಅಡ್ಡ ಬಂದು, "ಎಣ್ಣೆಯೆಲ್ಲ ಖಾಲಿ ಮಾಡಿದ್ರಲ್ಲೇ!" ಅಂತ ಬಾಯಿ ತೆರೆದಳು. "ಹಾಗೇ ನಿಲ್ಲು!" ಅಂತ ತಿಪ್ಪಿ ಕೂಗಿದಳು. ಏನು ಕಂಡಳೋ, ಕುಣಿದಾಡಿಬಿಟ್ಟಳು. ಏನು ಅಂತ ಆಮೇಲೆ ಹೇಳುತ್ತೇನೆ, ಅವಸರ ಮಾಡಬೇಡಿ.

ಮೂರನೇ ಸಲ ಕೇರಿಗೆ ಕೇರಿಯೇ ಗವಿಗೆ ನಡೆಯಿತು. ಕಾಕೋಳ ಆ ಹರಕು ಕಾಗದಗಳನ್ನು ನೋಡಿ, "ಥೂ! ಇದೇನು, ತಿಪ್ಪೆಯನ್ನೇ ಹೊತ್ತು ತಂದ್ರಾ?" ಅಂದ. ಬಾಯಿಗೆ ಆಹಾ ಬರಲಿಲ್ಲ. ಅದಕ್ಕೇ ಒಂದೂ ಒಳಗೆ ಹೋಗಲಿಲ್ಲ.

ತಿಪ್ಪಿ ದಾರ ಕಟ್ಟಿದಳು. ಅಚ್ಚುಗಳನ್ನು ಒಂದರ ಹಿಂದೆ ಒಂದು ನೇತುಹಾಕಿದಳು. ಈ ತುದಿಗೆ ದೀಪ, ಆ ತುದಿಗೆ ಬಿಳಿ ಬಟ್ಟೆ. ಒಂದು ಅಚ್ಚಿನಿಂದ ಕಣ್ಣು ಬಂದು ಬಟ್ಟೆಯ ಮೇಲೆ ಬಿತ್ತು, ಒಂದರಿಂದ ಮೂಗು, ಒಂದರಿಂದ ಹಣೆ. ಒಂದಕ್ಕೊಂದು ಕೂಡದ ಕಡೆ ತಿಪ್ಪಿ ಇದ್ದಿಲಿನಿಂದ ಬಟ್ಟೆಯ ಮೇಲೇ ಗೆರೆ ಎಳೆದು ಕೂಡಿಸಿದಳು. ಕಿವಿ ಬರೆದಳು, ಕೆದರಿದ ಕೂದಲು ಬರೆದಳು. ಗವಿಯ ಮಾಡು ಮುಟ್ಟುವಷ್ಟು ದೊಡ್ಡ ಮಾದಕ್ಕ ಎದ್ದು ನಿಂತಳು. ಬಾಯಿಯ ಜಾಗ ಮಾತ್ರ ಬರೀ ಬಿಳಿ.

ಕಾಕೋಳನಿಗೆ ತಡೆಯಲಾಗಲಿಲ್ಲ. "ಬಾಯಿ ಎಲ್ಲಿ?" ಅಂದ.

"ಹತ್ತಿರ ಹೋಗಿ ನೋಡಿ ಸ್ವಾಮಿ" ಅಂದಳು ತಿಪ್ಪಿ.

ಹೋದ. ನೇತುಹಾಕಿದ ಕಾಗದಗಳ ನಡುವೆ ನುಸುಳಿ, ಬಟ್ಟೆಯ ಎದುರಿಗೆ ಆ ಬಿಳಿ ಜಾಗದ ಮುಂದೆಯೇ ನಿಂತ. "ಇಲ್ಲೇನೂ ಇಲ್ಲವಲ್ಲ!" ಅಂತ ಬೈಯಲು ಪಕ್ಕಕ್ಕೆ ತಿರುಗಿ ದೊಡ್ಡದಾಗಿ ಬಾಯಿ ತೆರೆದ.

ಅವನ ತಲೆಯ ನೆರಳು ಆ ಬಿಳಿ ಜಾಗದಲ್ಲಿ ಸರಿಯಾಗಿ ಕೂತಿತು. ನೆರಳಿನ ಕಪ್ಪು ಮಾದಕ್ಕನ ಬಾಯಾಯಿತು. ತೆರೆದ ತುಟಿಗಳ ಸಂದಿಯ ಬೆಳಕು ಅವಳ ಹಲ್ಲಿನ ಸಾಲಾಯಿತು. ಮಾದಕ್ಕ ನಕ್ಕಳು! ಕೊಟ್ಟಿಗೆಯಲ್ಲಿ ಪುಟ್ಟಮಲ್ಲಮ್ಮ ಬಾಯಿ ತೆರೆದಾಗ ತಿಪ್ಪಿ ಕಂಡದ್ದು ಇದನ್ನೇ.

ಕೇರಿಯವರೆಲ್ಲ ತಮಗೇ ಗೊತ್ತಿಲ್ಲದೆ ನಕ್ಕರು. ಕಾಕೋಳ ಓರೆಗಣ್ಣಿನಲ್ಲಿ ಬಟ್ಟೆ ನೋಡಿದ. ನೋಡಿದವನು ಸುಮ್ಮನಿದ್ದಾನೆಯೇ?

"ಆಹಾ!"

ಅಂದ ತಕ್ಷಣ ಕೆಟ್ಟ. ಅವನು ಆಹಾ ಅಂದ ಚೆಲುವಿನಲ್ಲಿ ಅವನ ಬಾಯಿಯೂ ಇತ್ತಲ್ಲ! ಸುರ್ ಅಂತ ಮಾಂತ್ರಿಕ ತನ್ನ ಗುಂಡಿನೊಳಗೆ ತಾನೇ ಹೋದ. ಅವನು ಹೋದ ಮೇಲೆ ಬಟ್ಟೆಯ ಮೇಲೆ ನಗುವೇ ಇಲ್ಲ, ಅವನು ಆಹಾ ಅಂದ ಚೆಲುವೇ ಅಲ್ಲಿಲ್ಲ. ಹರಕು ಕಾಗದಗಳು ದಾರದಲ್ಲಿ ಹಾಗೇ ತೂಗುತ್ತಿದ್ದವು, ಒಳಗೆ ಹೋಗಲಿಲ್ಲ. ತಿಪ್ಪಿ ಗೆದ್ದಳು.

ಚೀಲ ತನ್ನನ್ನೇ ತಾನು ಒಳಗೆ ತುರುಕಿಕೊಂಡರೆ ಏನಾದೀತು? ಒಳಗಿದ್ದದ್ದೆಲ್ಲ ಹೊರಗೆ ಬಂದೀತು. ಗುಂಡು ಫಳ್ ಅಂತ ಒಡೆಯಿತು. ಮೊದಲು ಮಲ್ಲಿಗೆಯ ಘಮ ಬಂತು, ಆಮೇಲೆ ನವಿಲುಗರಿ ಬಂತು, ಆಮೇಲೆ ಕುದುರೆ, ಕತ್ತಿ, ಮೀಸೆ, ಮೀಸೆಯ ಹಿಂದೆ ರಾಜಕುಮಾರ. ಕೊನೆಗೆ ಒದ್ದೆ ಸೀರೆಯ ಮಾದಕ್ಕ.

"ಅವ್ವಾ!" ಅಂತ ತಿಪ್ಪಿ ಓಡಿ ಹೋಗಿ ತಬ್ಬಿಕೊಂಡಳು.

ಒಡೆದ ಗಾಜಿನ ನಡುವೆ ಕಾಕೋಳ ಕೂತಿದ್ದ. ಮಂತ್ರವೆಲ್ಲ ಇಳಿದು, ಎಲುಬು ಚಕ್ಕಳವಾದ ಬಡ ಮುದುಕ. ರಾಜಕುಮಾರ ಕತ್ತಿ ಎತ್ತಿದ.

"ತಡಿಯಪ್ಪ" ಅಂದಳು ಮಾದಕ್ಕ. "ಗುಂಡಿನೊಳಗೆ ಇದ್ದಷ್ಟು ದಿನ ಇವನ ಹೊಟ್ಟೆ ಗೊರ್ ಅನ್ನೋದು ನನಗೆ ಕೇಳ್ತಿತ್ತು. ಇವನು ನೋಡಿದ್ದೇ ಹೊರತು ಉಂಡಿಲ್ಲ. ಪುಟ್ಟಮಲ್ಲಿ, ಒಂದು ವಡೆ ಕೊಡೇ."

ಪುಟ್ಟಮಲ್ಲಮ್ಮ ಗೊಣಗುತ್ತಲೇ ಕೊಟ್ಟಳು. ಮುದುಕ ಗಬಗಬ ತಿಂದ. ತಿಂದು ತಲೆಯೆತ್ತಿ ಬಾಯಿ ತೆರೆದ. ಇನ್ನೆಲ್ಲಿ ಆಹಾ ಅನ್ನುತ್ತಾನೋ ಅಂತ ಎಲ್ಲರೂ ಹಿಂದಕ್ಕೆ ಜಿಗಿದರು. ರಾಜಕುಮಾರನಂತೂ ಮೀಸೆ ಮುಚ್ಚಿಕೊಂಡ.

"ತಾಯಿ," ಅಂದ ಮುದುಕ. ಮುಂದಿನ ಮಾತು ಅವನಿಗೆ ಅಭ್ಯಾಸವಿರಲಿಲ್ಲ. ತಿಪ್ಪಿ ಅವನ ಪಕ್ಕ ಕೂತು ಮೆಲ್ಲಗೆ ಹೇಳಿಕೊಟ್ಟಳು. ಅವನು ಮಗುವಿನ ಹಾಗೆ ಒಂದೊಂದೇ ಮಾತು ಕೂಡಿಸಿ, "ನಿನ್ನ ಹೊಟ್ಟೆ ತಣ್ಣಗಿರಲಿ" ಅಂದ. ಅಂದ ಮೇಲೆ ಅವನ ಹೊಟ್ಟೆಯ ಉರಿಯೂ ಆರಿತು.

ಅರಸರು ತಿಪ್ಪಿಯನ್ನು ಕರೆಸಿ, "ಆ ಚಿತ್ರಕ್ಕೆ ಚಿನ್ನದ ಬಾಯಿ ಮಾಡಿಸುತ್ತೇವೆ" ಅಂದರು. "ಬೇಡ ಮಹಾಸ್ವಾಮಿ, ಆ ಜಾಗ ಖಾಲಿಯೇ ಇರಲಿ" ಅಂದಳು ತಿಪ್ಪಿ. ಬಾಣಂತಿಯ ತೊಟ್ಟಿಲಿನ ಅಚ್ಚನ್ನು ಅವಳಿಗೇ ಹಿಂದಿರುಗಿಸಿ, ಮಿಕ್ಕವನ್ನು ಚಿತ್ರಶಾಲೆಯ ಕೋಣೆಯಲ್ಲಿ ನೇತುಹಾಕಿದಳು. ಈ ಸಲ ಲಕ್ಕಾಂಬೆ ದಾರಕ್ಕೆ ಎಡವದೆ ಬಗ್ಗಿ ನಡೆದಳು. ಊರವರು ಒಬ್ಬೊಬ್ಬರಾಗಿ ಬಂದು, ದೀಪದ ಮುಂದೆ ಬಾಯಿ ತೆರೆದು ನಿಂತು, ತಮ್ಮ ನೆರಳಿನಲ್ಲಿ ಮಾದಕ್ಕನನ್ನು ನಗಿಸಿ ಹೋಗುತ್ತಿದ್ದರು. ದೀಪಕ್ಕೆ ಎಣ್ಣೆ ಹಾಕುವ ಕೆಲಸ ಕಾಕೋಳನದು.

ಆ ಊರಿನಲ್ಲಿ ಆಮೇಲೆ ಯಾರೂ ಏನನ್ನೂ ಥತ್ ಅಂತ ಎಸೆಯಲಿಲ್ಲ. ಎಸೆದರೂ ಎತ್ತಿಕೊಳ್ಳಲು ಪುಟ್ಟಮಲ್ಲಮ್ಮ ಇದ್ದಳು. ಅವರೆಲ್ಲ ಉಂಡು, ನಕ್ಕು, ಸುಖವಾಗಿ ಬಾಳಿದರು. ಇಷ್ಟು ಹೊತ್ತು ಕೂತು ಕತೆ ಕೇಳಿದಿರಲ್ಲ, ನಿಮ್ಮ ಹೊಟ್ಟೆಯೂ ತಣ್ಣಗಿರಲಿ.