ಒಂಬತ್ತು ಗಂಟೆಯ ಪತ್ರ

ಧಡ್! ಧಡ್! ಧಡ್!

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಸರ್ವರ್ ಕೋಣೆಯ ಬಾಗಿಲು ಅದುರಿತು.

"ಯಾರ್ರೀ ಒಳಗೆ? ಒಂದು ಮೇಲ್ ತೆರೆಯೋಕೆ ಹನ್ನೊಂದು ನಿಮಿಷ! ರಕ್ತದ ರಿಪೋರ್ಟ್ ಎಲ್ಲಿ ಅಂತ ಡಾಕ್ಟರು ನನ್ನ ತಲೆ ತಿಂತಿದ್ದಾರೆ!"

ಬಾಗಿಲು ತೆರೆದವನು ಸುಮ್ಮನೆ ನೋಡಿದ. ಆ ಶಾಂತ ಕಣ್ಣುಗಳ ಮುಂದೆ ಅವಳ ಸಿಟ್ಟು ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಇಳಿದುಹೋಯಿತು.

'ಅಯ್ಯೋ, ಸ್ವಲ್ಪ ಮೆಲ್ಲಗೆ ಬಡೀಬಹುದಿತ್ತು...'

ಅವಳು ಪ್ರಯೋಗಾಲಯದ ವರದಿಗಳನ್ನು ಕಳಿಸುವವಳು. ನಡೆಯುವುದಕ್ಕಿಂತ ಓಡುವುದೇ ಹೆಚ್ಚಾದ್ದರಿಂದ ಎಲ್ಲರ ಬಾಯಲ್ಲೂ 'ಗಡಿಬಿಡಿ'. ಅವನು ಮೇಲ್ ಸರ್ವರ್ ನೋಡಿಕೊಳ್ಳುವವನು. ಹತ್ತು ಮಾತಿಗೆ ಅರ್ಧ ಉತ್ತರ. ಹಾಗಾಗಿ 'ಮೌನಿ'.

ಆದರೆ ಅಂದು ಮೌನಿ ಮಾತಾಡಿದ.

"ನಿಮ್ಮ ಮೇಲ್ ಪೆಟ್ಟಿಗೆಯ ಒಂದು ಲಕ್ಷ ಪತ್ರಗಳೂ ಒಂದೇ ಕಡತದಲ್ಲಿವೆ. ಒಂದೇ ಉದ್ದದ ಸುರುಳಿ ಅಂದ್ಕೊಳ್ಳಿ. ಒಂದು ಪತ್ರ ಅಳಿಸಿದ್ರೂ, 'ಓದಿದೆ' ಅಂತ ಗುರುತು ಹಾಕಿದ್ರೂ ಸರ್ವರ್ ಇಡೀ ಸುರುಳಿ ಮತ್ತೆ ಬರೀಬೇಕು. ಅಲ್ಲೀವರೆಗೂ ಪೆಟ್ಟಿಗೆಗೆ ಬೀಗ. ಹೊಸ ಪತ್ರ ಹೊರಗೇ ಕಾಯಬೇಕು."

"ಇಷ್ಟೇ ತಾನೆ? ಸುರುಳಿ ಬಿಚ್ಚಿಬಿಡಿ!"

ಅವನಿಗೆ ನಗು ಬಂತು. "ಬಿಚ್ಚೋಣ. ಒಂದು ಪತ್ರಕ್ಕೆ ಒಂದು ಕಡತ. ಆಗ ಗುರುತು ಹಾಕಿದ್ರೆ ಆ ಒಂದು ಕಡತದ ಹೆಸರು ಮಾತ್ರ ಬದಲಾಗುತ್ತೆ. ಆದ್ರೆ ತಯಾರಿಗೆ ಒಂದು ತಿಂಗಳು ಬೇಕು, ಗಡಿಬಿಡಿಯವರೇ."

ಒಂದು ತಿಂಗಳು! ಅವಳು ದಿನವೂ ವಿಚಾರಿಸಲು ಬಂದಳು. ಬರುತ್ತಾ ಎರಡು ಲೋಟ ಚಹಾ ತಂದಳು. ಅವಳು ಮಾತಾಡುವಳು, ಅವನು ಕೇಳುವನು. ಚಹಾ ಆರಿದರೂ ಮಾತು ಆರದು!

ಎರಡನೆಯ ವಾರದ ಕೊನೆಗೆ ಅವಳ ಪೆಟ್ಟಿಗೆಗೆ ಒಂದು ಪತ್ರ ಬಂತು.

"ನೀವು ಬಾಗಿಲು ಬಡಿದ ದಿನದಿಂದ ಈ ಕೋಣೆಯ ಯಂತ್ರಗಳ ಸದ್ದು ನನಗೆ ಕೇಳಿಸುತ್ತಿಲ್ಲ. ಕಿವಿಯೆಲ್ಲ ಮೆಟ್ಟಿಲ ಮೇಲಿನ ಹೆಜ್ಜೆಗೆ. ಮಾತು ಬಾರದವನು, ಬರೆಯುತ್ತಿದ್ದೇನೆ. ಅವಸರವಿಲ್ಲ. ನಿಮಗೂ ಇಷ್ಟವಿದ್ದರೆ ಒಂದು ದಿನ ಬಾಗಿಲು ಬಡಿಯದೆ ಒಳಗೆ ಬನ್ನಿ. ನನಗೆ ಅರ್ಥವಾಗುತ್ತದೆ."

ಅವಳ ಕಿವಿಯ ತುದಿ ಕೆಂಪಾಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಕೆಲಸ ಶುರುಮಾಡುವ ಮುಂಚೆ, ದೇವರ ಪದ್ಯ ಹೇಳಿಕೊಳ್ಳುವಷ್ಟೇ ನೇಮದಿಂದ ಅವಳು ಆ ಪತ್ರ ತೆರೆದು ಓದುವಳು. ಓದಿ, ಮತ್ತೆ 'ಓದಿಲ್ಲ' ಎಂದು ಗುರುತು ಹಾಕುವಳು. ಓದದ ಪತ್ರಗಳಷ್ಟೇ ಮೇಲ್ತುದಿಯಲ್ಲಿ ದಪ್ಪಕ್ಷರದಲ್ಲಿ ಉಳಿಯುತ್ತಿದ್ದವಲ್ಲ! ನಾಳೆಯೂ ಅದು ಹೊಸದಾಗಿಯೇ ಕಾಯುತ್ತಿರಬೇಕು.

ಆಮೇಲೆ ನೆಲಮಾಳಿಗೆಗೆ ಇಳಿಯುವಳು. 'ಇವತ್ತು ಬಡಿಯಲ್ಲ. ನೇರ ಒಳಗೆ ಹೋಗೋದೇ...' ಬಾಗಿಲ ಮುಂದೆ ನಿಂತೊಡನೆ ಅವಳನ್ನು ಕೇಳದೆ ಕೈ ತಾನೇ ಬಡಿದುಬಿಡುತ್ತಿತ್ತು. ಟಕ್ ಟಕ್!

ಒಂದು ದಿನ ಅವನು ಹೇಳಿದ: "ಯಾಕೋ ಈಚೆಗೆ ಒಂಬತ್ತಕ್ಕೆ ಸರಿಯಾಗಿ ಸರ್ವರ್ ಏದುಸಿರು ಬಿಡುತ್ತೆ. ಯಾವುದೋ ದೊಡ್ಡ ಸುರುಳಿಯನ್ನ ಯಾರೋ ಎರಡೆರಡು ಸಲ ಬರೆಸ್ತಿದ್ದಾರೆ. ಯಾವ ಪುಣ್ಯಾತ್ಮನೋ!"

ಅವಳಿಗೆ ಚಹಾ ನೆತ್ತಿಗೇರಿತು. ಓದಿದ್ದಕ್ಕೆ ಒಂದು ಸಲ, 'ಓದಿಲ್ಲ' ಅಂದಿದ್ದಕ್ಕೆ ಇನ್ನೊಂದು ಸಲ...

ಕೊನೆಗೂ ತಿಂಗಳು ತುಂಬಿದ ಭಾನುವಾರ ಬಂತು. ಅವನು ಸುರುಳಿ ಬಿಚ್ಚಿದ. ಪರರ ಪತ್ರ ಓದುವುದು ಅವನ ಪಾಲಿಗೆ ಪಾಪ. ಎಣಿಕೆ ತಾಳೆಯಾಯಿತೇ, ಗುರುತುಗಳು ಉಳಿದವೇ ಎಂದಷ್ಟೇ ನೋಡಿದ. ಅವಳ ಪೆಟ್ಟಿಗೆಯ ಲಕ್ಷ ಪತ್ರಗಳಿಗೂ 'ಓದಿದೆ' ಎಂಬ ಗುರುತು. ಓದದೆ ಉಳಿದದ್ದು ಒಂದೇ ಒಂದು.

ಕಳಿಸಿದವರ ಜಾಗದಲ್ಲಿ ಅವನದೇ ಹೆಸರು.

'ಎರಡು ವಾರ... ತೆರೆದೂ ನೋಡಲಿಲ್ಲ.'

ಸೋಮವಾರ ಮೇಲ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅವಳು ಕುಣಿಯುತ್ತಾ ಇಳಿದು ಬಂದಳು. "ರೀ, ಹಕ್ಕಿ ಹಾರಿದ ಹಾಗೆ ಹೋಗ್ತಿವೆ ರಿಪೋರ್ಟು!"

"ಸಂತೋಷ, ಮೇಡಂ." ಅವನು ತಲೆ ಎತ್ತಲಿಲ್ಲ.

ಮೇಡಂ? ಮೊನ್ನೆಯವರೆಗೂ 'ಗಡಿಬಿಡಿಯವರೇ' ಅನ್ನುತ್ತಿದ್ದನಲ್ಲ!

ಗುರುವಾರ, ಅದೇ ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದ ಅವಳ ಚಿಕ್ಕಮ್ಮ ಸುದ್ದಿ ಹೇಳಿದರು. "ನಿನ್ನ ಮೌನಿ ಬೇರೆ ಆಸ್ಪತ್ರೆಗೆ ವರ್ಗ ಕೇಳಿದ್ದಾನಂತಲ್ಲೇ? ಇವತ್ತು ಸಂಜೆ ಕಾಗದಕ್ಕೆ ಸಹಿ."

"ಏನು?!"

"ದಿನಾ ಎರಡು ಲೋಟ ಚಹಾ ಹೊತ್ತೆಯಲ್ಲ, ಒಂದು ಮಾತು ಹೊರೋಕೆ ಆಗಲಿಲ್ವೇನೇ? ಓಡು, ಗಡಿಬಿಡಿ! ಒಳ್ಳೆ ಕೆಲಸಕ್ಕೂ ಒಂದು ಸಲ ಓಡು!"

ಧಡ್! ಧಡ್! ಧಡ್!

"ಯಾಕ್ರೀ ಹೋಗ್ತಿದ್ದೀರಾ?"

ಅವನು ವರ್ಗದ ಕಾಗದವನ್ನು ಕೈಗೆತ್ತಿಕೊಂಡ. "ತೆರೆಯದ ಪತ್ರಕ್ಕೆ ಉತ್ತರ ಕಾಯೋದು ಸರಿಯಲ್ಲ, ಮೇಡಂ. ಭಾನುವಾರ ಗುರುತು ನೋಡಿದೆ. ಅದೊಂದೇ ಓದದೆ ಉಳಿದಿತ್ತು."

ಅವಳು ಬೆಪ್ಪಾಗಿ ನಿಂತಳು. ಮರುಕ್ಷಣ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು, ಎರಡೂ ಒಟ್ಟಿಗೆ! ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಅಜ್ಜಿಯ ಎದುರು ಪದ್ಯ ಒಪ್ಪಿಸುತ್ತಿದ್ದ ಧಾಟಿಯಲ್ಲೇ ಶುರುಮಾಡಿದಳು.

"ನೀವು ಬಾಗಿಲು ಬಡಿದ ದಿನದಿಂದ ಈ ಕೋಣೆಯ ಯಂತ್ರಗಳ ಸದ್ದು ನನಗೆ ಕೇಳಿಸುತ್ತಿಲ್ಲ. ಕಿವಿಯೆಲ್ಲ ಮೆಟ್ಟಿಲ ಮೇಲಿನ ಹೆಜ್ಜೆಗೆ. ಮಾತು ಬಾರದವನು..."

ಒಂದಕ್ಷರ ತಪ್ಪಲಿಲ್ಲ. ಅವನ ಕೈಯಲ್ಲಿದ್ದ ಕಾಗದ ಮೆಲ್ಲಗೆ ಮೇಜಿಗಿಳಿಯಿತು.

"...ಅವಸರವಿಲ್ಲ. ನಿಮಗೂ ಇಷ್ಟವಿದ್ದರೆ..."

ಅಲ್ಲಿಗೆ ನಿಲ್ಲಿಸಿದಳು. ಸರಕ್ಕನೆ ತಿರುಗಿ ಹೊರಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ಅವನು ಬಾಗಿಲತ್ತ ಕಿವಿಗೊಟ್ಟು ನಿಂತ.

ಹೊರಗೆ ಅವಳ ಕೈ ಅಭ್ಯಾಸದಂತೆ ಮೇಲೆದ್ದಿತು. ಇನ್ನೊಂದು ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. 'ಇವತ್ತಾದ್ರೂ ಸುಮ್ನಿರು, ಮಹಾತಾಯಿ!'

ಬಾಗಿಲು ಸದ್ದಿಲ್ಲದೆ ತೆರೆಯಿತು.

ಅವಳು ಒಳಗೆ ಬಂದಳು.

ಯಂತ್ರಗಳು ಎಂದಿನಂತೆ ಗುಂಯ್ಗುಡುತ್ತಿದ್ದವು. ಇಬ್ಬರಿಗೂ ಕೇಳಿಸಲಿಲ್ಲ.

"ಅಂದ್ರೆ... ಆ ಒಂಬತ್ತು ಗಂಟೆಯ ಪುಣ್ಯಾತ್ಮ..."

"ನಾನೇ. ಓದೋದು, ಮತ್ತೆ 'ಓದಿಲ್ಲ' ಅನ್ನೋದು. ಇಡೀ ಆಸ್ಪತ್ರೆಯನ್ನ ಕಾಯಿಸಿದೆ. ಬೈಯಿರಿ."

ಮೌನಿ ನಕ್ಕ. ಗೋಡೆಗಳೂ ಬೆಚ್ಚುವಂತೆ, ಬಾಯಿ ತುಂಬಾ ನಕ್ಕ! ಆಮೇಲೆ ವರ್ಗದ ಕಾಗದವನ್ನು ಎರಡಾಗಿ ಹರಿದ.

"ಈಗ ಎಷ್ಟು ಸಲ ಓದಿದ್ರೂ ಸರ್ವರ್‌ಗೆ ಆಯಾಸ ಆಗಲ್ಲ ತಾನೆ?" ಅವಳು ಕೇಳಿದಳು.

"ಆಗಲ್ಲ. ನೂರು ಸಲ ಓದು."

'ಓದು' ಅಂದ! 'ಓದಿ' ಅನ್ನಲಿಲ್ಲ! ಅವಳ ಎದೆ ತುಂಬಿ ಬಂತು.

"ಹಾಗಾದ್ರೆ ಇನ್ನೊಂದು ಪತ್ರ ಬರಿ."

"ಊಹೂಂ." ಅವನು ಅವಳ ಕೈ ಹಿಡಿದುಕೊಂಡ. ಬಾಗಿಲು ಬಡಿದು ಕೆಂಪಾಗಿದ್ದ ಆ ಕೈಯನ್ನು ಮೆಲ್ಲಗೆ ಸವರಿದ. "ಇನ್ಮೇಲೆ ದಿನಾ ಬಾಯಲ್ಲೇ ಹೇಳ್ತೀನಿ."

"ಎಷ್ಟು ಗಂಟೆಗೆ?"

"ಒಂಬತ್ತಕ್ಕೆ."