ಎಡಗಾಲಲ್ಲಿ ಕಲಿತದ್ದು

ಕನ್ನಡಿ ಒಡೆದ ಸದ್ದಿಗೆ ಬೀದಿಯೇ ತಿರುಗಿ ನೋಡಿತು.

ಬಾಗಿಲಿನಿಂದ ಹಾರಿ ಬಂದ ಫುಟ್‌ಬಾಲ್, ಅವಳು ಆಗಷ್ಟೇ ಚೌಕಟ್ಟು ಹಾಕಿ ನಿಲ್ಲಿಸಿದ್ದ ನಿಲುಗನ್ನಡಿಯನ್ನು ಚೂರು ಮಾಡಿ, ಏನೂ ಆಗಿಲ್ಲವೆಂಬಂತೆ ಅವಳ ಕಾಲ ಬಳಿ ನಿಂತಿತು. ಹಿಂದೆಯೇ ಓಡಿ ಬಂದವನು ಎದುರಿನ ಟಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಮುಖ ಬಿಳಚಿಕೊಂಡಿತ್ತು.

"ಇನ್ಮೇಲೆ ನನ್ನ ಕಣ್ಣಿಗೆ ಬೀಳಬೇಡಿ," ಎಂದಳು ಅವಳು.

ಅವನು ಮಂಡಿಯೂರಿ ಕೂತ. ಚೂರುಗಳನ್ನೆಲ್ಲ ತಾನೇ ಆರಿಸಿದ. ಬಾಗಿಲಲ್ಲಿದ್ದ ಅವಳ ಚಪ್ಪಲಿಗೆ ಗಾಜು ಚುಚ್ಚಿದೆಯೇ ಎಂದು ತಿರುಗಿಸಿ ನೋಡಿ, ಒರೆಸಿ, ಜೋಡಿಸಿಟ್ಟು ಹೋದ. ಅದು ಅವಳ ಗಮನಕ್ಕೆ ಬಂದದ್ದು ಸಂಜೆ. ಅಷ್ಟರಲ್ಲಿ ಆಡಬಾರದ ಮಾತು ಆಡಿಯಾಗಿತ್ತು...

ಕನ್ನಡಿ ಅಂಗಡಿ ಚಿಕ್ಕಮ್ಮನದು. ತಾಯಿ ತೀರಿಕೊಂಡ ಮೇಲೆ ಅವಳು ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಹಗಲೆಲ್ಲ ಗಾಜು ಕತ್ತರಿಸುವ ಕೆಲಸ. ಬಾಗಿಲಿಗೆ ಎದುರಾಗಿ ಕೂತರೆ ಬೀದಿಯ ಬೆಳಕು ಕಣ್ಣಿಗೆ ಹೊಡೆದು ಗೆರೆ ಕಾಣದು. ಹಾಗಾಗಿ ಯಾವಾಗಲೂ ಬೀದಿಗೆ ಬೆನ್ನು. ಮುಂದೆ ಗೋಡೆ ತುಂಬ ಕನ್ನಡಿಗಳು. ಎತ್ತ ನೋಡಿದರೂ ತನ್ನದೇ ಮುಖ. ಕೋಣೆ ತುಂಬ ಜನರಿದ್ದು, ಒಬ್ಬರೂ ಮಾತಾಡಿಸದ ಹಾಗೆ.

ಒಂದು ಕನ್ನಡಿಯಲ್ಲಿ ಮಾತ್ರ ಬೆನ್ನ ಹಿಂದಿನ ಬೀದಿ ಕಾಣುತ್ತಿತ್ತು.

ಕನ್ನಡಿ ಒಡೆದ ಮೇಲೂ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅವನು ಅಲ್ಲಿ ಚೆಂಡಾಡುತ್ತಿದ್ದ. ಒಂದು ಕಾಲಿನ ಹಿಮ್ಮಡಿಗೆ ಚೆಂಡನ್ನು ಒತ್ತಿ, ಇನ್ನೊಂದು ಪಾದದಿಂದ ಅದನ್ನು ಮೀನಖಂಡದವರೆಗೆ ಉರುಳಿಸಿ, ಹಿಮ್ಮಡಿಯಿಂದ ಚಿಮ್ಮುತ್ತಿದ್ದ. ಚೆಂಡು ಬೆನ್ನ ಹಿಂದಿನಿಂದೆದ್ದು ತಲೆ ದಾಟಿ ಮುಂದೆ ಬೀಳುತ್ತಿತ್ತು. ಆ ಹೊತ್ತಿಗೆ ಅವಳ ಕೈಯಲ್ಲಿನ ಗಾಜು ಅರ್ಧಕ್ಕೇ ನಿಂತಿರುತ್ತಿತ್ತು.

ಅಳತೆ ತರಲು ಸೈಕಲ್ ಹತ್ತಿದಾಗಲೆಲ್ಲ ಚಕ್ರದಲ್ಲಿ ಗಾಳಿ ತುಂಬಿರುತ್ತಿತ್ತು. ಯಾರೆಂದು ಅವಳು ಕೇಳಲಿಲ್ಲ. ಕೇಳಿದರೆ ಎಲ್ಲಿ ನಿಂತುಹೋಗುವುದೋ ಎಂಬ ಅಳುಕು.

ಆಮೇಲೊಂದು ದಿನ ಅವನು ಆಟವನ್ನೇ ಬಿಟ್ಟ. ಕನ್ನಡಿಯಲ್ಲಿ ಬರೀ ಬೀದಿ ಉಳಿಯಿತು. ಅವನ ಮಾಲೀಕ ಬೇರೆ ಊರಲ್ಲಿ ಅಂಗಡಿ ತೆರೆಯುತ್ತಿದ್ದಾನೆ, ಇವನೇ ಹೋಗುತ್ತೇನೆಂದು ಒಪ್ಪಿಕೊಂಡಿದ್ದಾನೆ ಎಂಬ ಸುದ್ದಿ ತಂದವಳು ಚಿಕ್ಕಮ್ಮ.

ಹೋಗಬೇಡಿ ಎನ್ನಲು ತಾನು ಯಾರು? ಕಣ್ಣಿಗೆ ಬೀಳಬೇಡಿ ಎಂದವಳು ಯಾವ ಬಾಯಲ್ಲಿ ಕರೆಯುವುದು?

ಬಾಯಿಗೆ ಬಾರದ್ದನ್ನು ಕಾಲಿಗೆ ಕಲಿಸಲು ಹೊರಟಳು. ಒಂದು ಚೆಂಡು ಕೊಂಡು, ಹಿತ್ತಲಿನಲ್ಲಿ ಹಳೇ ಚೌಕಟ್ಟುಗಳ ನಡುವೆ ಒಬ್ಬಳೇ ಅಭ್ಯಾಸ ಮಾಡಿದಳು. ಚೆಂಡು ಬಕೆಟ್ಟಿಗೆ ಬಿತ್ತು, ಒಣಹಾಕಿದ ಸೀರೆಗೆ ಬಡಿಯಿತು, ತಲೆಯ ಮೇಲೆ ಮಾತ್ರ ಹಾರಲಿಲ್ಲ.

"ಮದುವೆ ವಯಸ್ಸಲ್ಲಿ ಹಿಮ್ಮಡೀಲಿ ಒದೆಯೋದು ಕಲೀತಿದ್ದೀಯಲ್ಲೇ," ಎಂದಳು ಚಿಕ್ಕಮ್ಮ. "ಕಟ್ಕೊಳ್ಳೋನ ಗತಿ ಏನು?"

ಹಾಗೆಂದು ನಕ್ಕಳೇ ಹೊರತು ಬೈಯಲಿಲ್ಲ; ಮಣ್ಣಾದ ಸೀರೆಯನ್ನು ಮತ್ತೆ ಒಗೆದುಕೊಂಡವಳೂ ಚಿಕ್ಕಮ್ಮನೇ.

ಅವನು ಹೊರಡುವ ದಿನ ಬಂತು. ಟಯರ್ ಅಂಗಡಿಯ ಮುಂದಿನ ಬೆಂಚಿನ ಮೇಲೆ ಅವನ ಚೀಲ ಇತ್ತು. ಅವಳು ಚೆಂಡು ಹಿಡಿದು ರಸ್ತೆ ದಾಟಿದಳು. ಅವನ ಮುಂದೆ ನಿಂತು, ಅವನಂತೆಯೇ ಹಿಮ್ಮಡಿಯಿಂದ ಒದ್ದಳು. ಚೆಂಡು ಓರೆಯಾಗಿ ಹೋಗಿ ಜಾಕ್ ಮೇಲಿದ್ದ ಕಾರಿನ ಅಡಿ ಸೇರಿತು. ಅವನು ಬಗ್ಗಿ ತೆಗೆದು, ನಗದೆ, ಅವಳ ಕಾಲ ಬಳಿ ಇಟ್ಟ.

ಮತ್ತೊಮ್ಮೆ ಒದ್ದಳು. ಈ ಸಲ ಚೆಂಡು ಎದ್ದಿತು... ತಲೆ ದಾಟಿತು!

ಅವನು ಚೆಂಡನ್ನು ನೋಡಲಿಲ್ಲ. ಅವಳ ಪಾದ ನೋಡುತ್ತಿದ್ದ.

"ನೀವು ಎಡಚರಾ?"

"ಅಲ್ಲ. ನೀವು ಎಡಗಾಲಲ್ಲೇ ಅಲ್ವಾ ಉರುಳಿಸೋದು?"

"ನಂದು ಬಲಗಾಲು."

ಅವಳಿಗೆ ಅರ್ಥವಾಗಲಿಲ್ಲ. ಅವನು ಬೀದಿಯಾಚೆಗೆ ಕಣ್ಣು ಹಾಯಿಸಿದ; ಅವಳೂ ಅತ್ತ ತಿರುಗಿದಳು. ಅವಳ ಖಾಲಿ ಕುರ್ಚಿ, ಅದರ ಮುಂದಿನ ಕನ್ನಡಿ, ಆ ಕನ್ನಡಿಯೊಳಗೆ ತಾವಿಬ್ಬರೂ ನಿಂತಿರುವುದು ಕಂಡಿತು. ಎಡ ಬಲವಾಗಿ, ಬಲ ಎಡವಾಗಿ. ಗಿರಾಕಿಗಳಿಗೆಲ್ಲ ಇದನ್ನು ವಿವರಿಸುವವಳು ತಾನೇ ಮರೆತಿದ್ದಳು. ಅವಳ ಕಿವಿ ಕೆಂಪಾಯಿತು.

"ದಿನಾ ನೋಡ್ತಿದ್ರಾ?" ಅವನ ಧ್ವನಿ ತಗ್ಗಿತ್ತು. "ಬೆನ್ನು ತಿರುಗಿಸಿ ಕೂತಿರ್ತೀರಲ್ಲ, ನನ್ನ ಮುಖ ಕಂಡ್ರೇ ಆಗಲ್ಲ ಅಂದ್ಕೊಂಡೆ. ಅದಕ್ಕೇ ಆ ಊರಿಗೆ ಒಪ್ಕೊಂಡೆ."

"ಒಡೆದ ಸಿಟ್ಟಲ್ಲಿ ಅಂದದ್ದು..." ಎಂದಳು ಅವಳು. "ನೀವು ಆಟ ಬಿಟ್ಟ ಮೇಲೆ ಅಂಗಡೀಲಿ ಕೂರೋಕೇ ಆಗ್ತಿಲ್ಲ."

ಅವಳ ಕಣಕಾಲು ಅಲ್ಲಲ್ಲಿ ಕಂದಿ ಊದಿಕೊಂಡದ್ದು ಈಗ ಅವನಿಗೆ ಕಂಡಿತು. ಒಳಗೆ ಹೋಗಿ ಒದ್ದೆ ಬಟ್ಟೆ ತಂದು, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ತುಂಬಾ ನೋವಿದೆಯಾ?"

ಇಷ್ಟು ದಿನ ಹಿತ್ತಲಲ್ಲಿ ಬಿದ್ದೆದ್ದಾಗ ಅವಳು ಅತ್ತಿರಲಿಲ್ಲ. ಈಗ ಕಣ್ಣು ತುಂಬಿತು.

"ಈಗ ಇದೆ," ಎಂದಳು.

ಅವನು ತನ್ನ ಚೀಲವನ್ನು ಬೆಂಚಿನಿಂದ ಕೆಳಗಿಳಿಸಿ ಜಾಗ ಮಾಡಿದ.

"ಕೂತ್ಕೊಳ್ಳಿ. ಬಸ್ಸು ಹೋದ್ರೆ ಹೋಗ್ಲಿ."