ರಾಜಕುಮಾರಿಯನ್ನು ಮಲಗಿಸಿದ ಕುಂಬಾರ

ಏಳು ಬೆಟ್ಟದ ಆಚೆ, ಏಳು ಹೊಳೆಯ ಈಚೆ, ತಾರಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಉದಯಮಲ್ಲ ಅಂತ ಒಬ್ಬ ರಾಜ. ಶತ್ರುಗಳಿಗೆಲ್ಲ ಸಿಂಹಸ್ವಪ್ನ, ಎರಡು ವರ್ಷದ ಮಗಳು ಚಂಪಕೆಯ ಎದುರು ಮಾತ್ರ ಬೆಣ್ಣೆ. ಅವಳು ಕುದುರೆಯಾಗು ಅಂದರೆ ಕುದುರೆ, ಆನೆಯಾಗು ಅಂದರೆ ಆನೆ.

ಆ ರಾಜ್ಯದ ಗಡಿಯ ಗುಹೆಯಲ್ಲಿ ಜಾಗರಾಕ್ಷ ಅಂತ ಒಬ್ಬ ಮಾಂತ್ರಿಕನಿದ್ದ. ಗುಹೆಯ ತುಂಬ ಕದ್ದ ರತ್ನಗಳು. ಅವುಗಳ ಕಾವಲಿಗೆ ಎಂದೂ ನಿದ್ದೆ ಮಾಡದ ಒಂದು ಜೀವ ಬೇಕಿತ್ತು ಅವನಿಗೆ. ನಾಯಿಯನ್ನಿಟ್ಟ, ರಾತ್ರಿ ಮಲಗಿತು. ಗೂಬೆಯನ್ನಿಟ್ಟ, ಹಗಲು ಮಲಗಿತು. ಕೊನೆಗೆ ಹಾಳಾದವನು ಈ ಎಳೆ ಕೂಸಿನ ಮೇಲೆ ಕಣ್ಣು ಹಾಕಿದ. ಅರಮನೆಗೆ ನುಗ್ಗಿ ಮಗುವಿನ ರೆಪ್ಪೆಯ ಮೇಲೆ ಮಂತ್ರದ ಬೂದಿ ಊದಿದ.

"ಏಳನೆಯ ಸಂಜೆ ಬೆಳ್ಳಿ ಚುಕ್ಕಿ ಮುಳುಗುವಷ್ಟರಲ್ಲಿ ಮಗು ಮಲಗಿದರೆ ನಿಮ್ಮದು. ಮಲಗದಿದ್ದರೆ ನನ್ನದು" ಅಂದವನೇ ಹೊಗೆಯಾಗಿ ಹೋದ.

ಆರು ದಿನ ಕಳೆದವು, ಮಗುವಿಗೆ ನಿದ್ದೆ ಹತ್ತಲೇ ಇಲ್ಲ. ಚಿನ್ನದ ತೊಟ್ಟಿಲು ಬಂತು, ವೀಣೆ ಬಂತು, ಹನ್ನೆರಡು ಮಂದಿ ದಾದಿಯರು ಬಂದರು. "ಮಲಗಮ್ಮಾ, ಮಲಗಮ್ಮಾ" ಅಂತ ಎಲ್ಲರೂ ಬೇಡಿದ್ದೇ ಬೇಡಿದ್ದು. ಮಲಗು ಅಂದ ಕೂಡಲೇ ಮಲಗುವ ಮಗು ಯಾವ ಲೋಕದಲ್ಲಿದೆ ಹೇಳಿ! ಚಂಪಕೆಯ ಕಣ್ಣು ಕೆಂಪಗಾದವು. ನಡೆದರೆ ಮುಗ್ಗರಿಸುತ್ತಿದ್ದಳು, ಎತ್ತಿಕೊಂಡರೆ ಒದೆಯುತ್ತಿದ್ದಳು. ರಾಣಿ ಪದ್ಮಲೆ ಅನ್ನ ನೀರು ಬಿಟ್ಟು ಕೂತಳು.

ಏಳನೆಯ ದಿನ ಸಂಜೆ ಕುಂಬಾರ ದುಗ್ಗಪ್ಪ ಅಡುಗೆಮನೆಗೆ ಮಡಕೆ ತಂದಿದ್ದ. ಇಪ್ಪತ್ತೆರಡರ ಹುಡುಗ. ತಾಯಿ ಇಲ್ಲದ ಮೂವರು ತಮ್ಮಂದಿರನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಪುಣ್ಯಾತ್ಮ. ಮಗುವಿನ ಅಳು ಕೇಳಿ ನಿಂತುಬಿಟ್ಟ. ಇದು ನಿದ್ದೆಗೆಟ್ಟ ಅಳು ಅಂತ ಅವನ ಕಿವಿಗೆ ಗೊತ್ತಾಯಿತು. ನಾನು ಮಲಗಿಸಲಾ ಅಂತ ಕೇಳಲು ನೇರ ರಾಜನ ಬಳಿಗೇ ಹೋದ.

"ಹನ್ನೆರಡು ದಾದಿಯರಿಗೆ ಆಗದ್ದು ನಿನ್ನಿಂದ ಆಗುತ್ತೇನಪ್ಪಾ?" ಅಂದ ರಾಜ.

"ಗೊತ್ತಿಲ್ಲ ಮಹಾಸ್ವಾಮಿ, ನೋಡ್ತೀನಿ. ಆದರೆ ಆ ಕೋಣೆಯೊಳಗೆ ನಾನು ಹೇಳಿದಂತೆ ನಡೀಬೇಕು."

ರಾಜ ಒಪ್ಪಿದ. ಬೇರೆ ದಾರಿಯಾದರೂ ಏನಿತ್ತು? ಕಿಟಕಿಯಾಚೆ ಬೆಳ್ಳಿ ಚುಕ್ಕಿ ಆಗಲೇ ಮೂಡಿತ್ತು.

ದುಗ್ಗಪ್ಪ ವೀಣೆಯನ್ನು ಹೊರಗೆ ಕಳಿಸಿದ, ದಾದಿಯರನ್ನು ಕಳಿಸಿದ, ಒಂದು ದೀಪ ಬಿಟ್ಟು ಉಳಿದದ್ದೆಲ್ಲ ಆರಿಸಿದ. ಮಗುವನ್ನು ನೆಲದ ಹಾಸಿಗೆಯ ಮೇಲೆ ಕೂರಿಸಿ ಬೆಚ್ಚಗಿನ ನೀರಲ್ಲಿ ಕಾಲು ತೊಳೆದ. ಅಷ್ಟರಲ್ಲಿ ಮಾಂತ್ರಿಕ ಬಿಟ್ಟ ಮಾಯಾನವಿಲು ಕಿಟಕಿಯಿಂದ ಹಾರಿಬಂತು. ಗರಿಗೊಂದು ದೀಪ, ದೀಪಕ್ಕೊಂದು ಗೆಜ್ಜೆ. ಥಳಥಳ, ಝಣಝಣ! ಚಂಪಕೆ ಚಪ್ಪಾಳೆ ತಟ್ಟಿ ಎದ್ದು ನಿಂತಳು.

ಬೇರೆಯವರಾಗಿದ್ದರೆ ಕೋಲು ತಗೊಳ್ಳುತ್ತಿದ್ದರು. ದುಗ್ಗಪ್ಪ, "ಅಯ್ಯೋ ಪಾಪ, ನವಿಲಿಗೆ ಕುಣಿದೂ ಕುಣಿದೂ ಕಾಲು ನೋವಂತೆ. ಅದನ್ನ ಮಲಗಿಸೋಣ್ವಾ ಪುಟ್ಟಮ್ಮಾ?" ಅಂದ. ನವಿಲಿನ ಕಾಲಿಗೆ ಎಣ್ಣೆ ಸವರಿದ. ಚಂಪಕೆ ಪುಟ್ಟ ಕೈಯಿಂದ ಅದರ ಬೆನ್ನು ತಟ್ಟಿದಳು. "ನವ್ಲು ಲಾಲಾ, ನವ್ಲು ಲಾಲಾ." ಅಷ್ಟು ಅಕ್ಕರೆ ಎಂದೂ ಕಂಡಿರದ ನವಿಲು ಒಂದೊಂದೇ ದೀಪ ಆರಿಸಿಕೊಂಡು ಮಲಗಿತು.

ಆಮೇಲೆ ಏಳು ನಾಲಿಗೆಯ ಗಿಳಿ ಬಂತು. ಕತೆ ಹೇಳುವ ಗಿಳಿ. ರಾಕ್ಷಸ ಬಾಯಿ ತೆರೆದ ಅನ್ನುವಲ್ಲಿ ನಿಲ್ಲಿಸುತ್ತಿತ್ತು. "ಆಮೇಲೆ?" ಅಂತ ಚಂಪಕೆ ಕಣ್ಣರಳಿಸುತ್ತಿದ್ದಳು.

"ನಂದೂ ಒಂದು ಕತೆ ಕೇಳಿ. ಒಂದೂರಲ್ಲಿ ಒಂದು ಎಮ್ಮೆ ಇತ್ತು. ಹುಲ್ಲು ತಿಂತು. ಮೆಲುಕು ಹಾಕ್ತು" ಅಂದ ದುಗ್ಗಪ್ಪ.

"ಆಮೇಲೆ?" ಅಂದಳು ಚಂಪಕೆ.

"ಇನ್ನೊಂದು ಸಲ ಮೆಲುಕು ಹಾಕ್ತು."

"ಆಮೇಲೆ?" ಅಂತು ಗಿಳಿ, ತಡೆಯಲಾರದೆ.

"ಬಾಲ ಆಡಿಸ್ತು. ಮತ್ತೆ ಮೆಲುಕು ಹಾಕ್ತು."

ಹೀಗೆ ಆ ಎಮ್ಮೆ ನೂರು ಸಲ ಮೆಲುಕು ಹಾಕಿತು. ದುಗ್ಗಪ್ಪನ ದನಿ ಒಂದು ಸಲವೂ ಏರಲಿಲ್ಲ, ಒಂದು ಸಲವೂ ಬೇಸರಪಡಲಿಲ್ಲ. ಆ ತಾಳ್ಮೆಗೆ ಕೈಮುಗಿಯಬೇಕು ಕಣ್ರೀ! ಐವತ್ತಕ್ಕೆ ಗಿಳಿಯ ಏಳು ನಾಲಿಗೆಯೂ ಆಕಳಿಸಿದವು. ನೂರಕ್ಕೆ ಚಂಪಕೆಯ ರೆಪ್ಪೆ ಅರ್ಧ ಇಳಿಯಿತು.

ಆಗ ಬಾಗಿಲು ಕಿರ್ರೆಂದಿತು. "ಮಗು ಮಲಗಿತಾ?" ಅಂದ ಮಂತ್ರಿ. ಕಣ್ಣು ತೆರೆಯಿತು. ಮತ್ತೆ ತಟ್ಟಿ ತಟ್ಟಿ ರೆಪ್ಪೆ ಇಳಿಸುವಷ್ಟರಲ್ಲಿ, "ಮಲಗಿತಾ?" ಅಂತ ರಾಣಿ ಇಣುಕಿದಳು. ಮತ್ತೆ ಕಣ್ಣು ತೆರೆಯಿತು. ಹೊರಗೆ ಮರದ ಮೇಲೆ ಕೂತಿದ್ದ ಜಾಗರಾಕ್ಷ ಕಿಸಿಕಿಸಿ ನಕ್ಕ. ಇನ್ನು ಅವನು ಮೃಗಪಕ್ಷಿ ಕಳಿಸಬೇಕಾದ್ದೇ ಇರಲಿಲ್ಲ. ಮನೆಯವರ ಆತಂಕವೇ ಅವನ ಕೆಲಸ ಮಾಡುತ್ತಿತ್ತು.

ಚುಕ್ಕಿ ಬೆಟ್ಟದ ನೆತ್ತಿಗೆ ತಾಗಿತು. ರಾಜನೇ ಓಡಿಬಂದ. ಬಾಯಿ ತೆರೆದ. ದುಗ್ಗಪ್ಪ ಚಂಗನೆ ಎದ್ದು ಆ ಬಾಯಿಯನ್ನು ಅಂಗೈಯಿಂದ ಮುಚ್ಚಿದ! ರಾಜನ ಮೈ ಮುಟ್ಟಿದವನ ತಲೆ ಹೋಗುವ ಕಾಲ ಅದು. ಕಾವಲುಗಾರರು ಕತ್ತಿ ಹಿರಿದರು.

"ತಲೆ ಬೆಳಗ್ಗೆ ತಗೊಳ್ಳಿ ಮಹಾಸ್ವಾಮಿ" ಅಂತ ಪಿಸುಗುಟ್ಟಿದ ದುಗ್ಗಪ್ಪ. "ಈಗ ಕಿರೀಟ ತೆಗೆದು ಮಗುವಿನ ಪಕ್ಕ ಮಲಗಿ. ಆರು ದಿನದಿಂದ ತಾವೂ ಮಲಗಿಲ್ಲ. ಅಪ್ಪನ ಎದೆ ಹೀಗೆ ಹೊಡ್ಕೊಳ್ತಾ ಇದ್ದರೆ ಕೂಸಿಗೆ ನಿದ್ದೆ ಎಲ್ಲಿಂದ ಬರಬೇಕು?"

ರಾಜ ಸನ್ನೆ ಮಾಡಿ ಕತ್ತಿಗಳನ್ನು ಇಳಿಸಿದ. ಕಿರೀಟ ತೆಗೆದಿಟ್ಟ. ಮಗಳ ಪಕ್ಕ ಮಗ್ಗುಲಾದ. ಮೊದಲು ಉಸಿರು ದಡಬಡ, ಆಮೇಲೆ ನಿಧಾನ, ಆಮೇಲೆ ಸಣ್ಣ ಗೊರಕೆ. ಚಂಪಕೆ ಅಪ್ಪನ ಮೀಸೆ ಹಿಡಿದು ನೋಡಿದಳು. ಅವನ ಕುತ್ತಿಗೆಯ ಸಂದಿಗೆ ಮುಖ ಹುದುಗಿಸಿ ಕಣ್ಣು ಮುಚ್ಚಿದಳು.

ಚುಕ್ಕಿ ಆಮೇಲೆ ಮುಳುಗಿತು.

ಮುರಿದ ಮಾಟ ಮಾಡಿದವನಿಗೇ ತಿರುಗಿತು. ಮಾಡಿದ್ದುಣ್ಣೋ ಮಹರಾಯ! ಜಾಗರಾಕ್ಷನಿಗೆ ಮರದ ಮೇಲೇ ತೂಕಡಿಕೆ ಬಂತು. ದೊಪ್ಪನೆ ಹುಲ್ಲಿನ ಬಣವೆಗೆ ಬಿದ್ದ, ನೂರು ವರ್ಷ ಏಳಲಿಲ್ಲ. ಅವನ ರತ್ನಗಳು ಕಳಕೊಂಡವರ ಮನೆ ಸೇರಿದವು.

ಬೆಳಗ್ಗೆ ರಾಜ ತುಂಬಿದ ಸಭೆಯಲ್ಲಿ ದುಗ್ಗಪ್ಪನನ್ನು ತಬ್ಬಿಕೊಂಡ. "ನನ್ನ ಬಾಯಿ ಮುಚ್ಚಿಸಿದ ಗಂಡು ನೀನೊಬ್ಬನೇ ಕಣಯ್ಯಾ. ಇವತ್ತು ಸಂಜೆಯೂ ನೀನೇ ಬಂದು ಮಲಗಿಸು" ಅಂದ.

ಸಂಜೆ ದುಗ್ಗಪ್ಪ ಬಂದು ಹಾಸಿಗೆಯ ಪಕ್ಕ ಕೂತ. ಚಂಪಕೆ ಅವನನ್ನು ಎರಡೂ ಕೈಯಿಂದ ಬಾಗಿಲ ಕಡೆ ತಳ್ಳಿದಳು. "ನೀ ಹೋಗು. ಅಪ್ಪ ಬೇಕು."

ದುಗ್ಗಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ. ನಗುತ್ತಾ ಹೊರಗೆ ಬಂದು ಬಾಗಿಲು ಮುಂದೆ ಮಾಡಿದ. ಒಳಗಿಂದ ರಾಜನ ದನಿ ಕೇಳಿಸಿತು. "ಒಂದೂರಲ್ಲಿ ಒಂದು ಎಮ್ಮೆ ಇತ್ತು..." ಅಲ್ಲಿಂದ ಮುಂದೆ ತಾರಾವತಿಯಲ್ಲಿ ಮಕ್ಕಳೂ ದೊಡ್ಡವರೂ ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮಲಗಿ, ಸುಖವಾಗಿದ್ದರು.